ಸಹಿ ಹಾಕಿದ ಮೇಲೆ ಮುಗೀತಾ? ‘ಯಾವುದೇ ಕಾರಣಕ್ಕೂ ಫೀಸ್ ವಾಪಸ್ ಇಲ್ಲ’ ಅನ್ನುವ ಷರತ್ತಿಗೆ ಕಾನೂನು ಏನು ಹೇಳುತ್ತೆ?

ಹಾಸನದವಳು
ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಮಗಳನ್ನು ನೀಟ್ ಕೋಚಿಂಗ್‌ಗೆ ಸೇರಿಸಿದ್ದೆವು. ಎರಡು ವರ್ಷದ ಫೀಸ್ 1 ಲಕ್ಷ 80 ಸಾವಿರ ಒಟ್ಟಿಗೇ ಕಟ್ಟಿಸಿಕೊಂಡರು. ಶುರುವಾದ ಕೆಲವೇ ತಿಂಗಳಲ್ಲಿ ಮೇಷ್ಟ್ರುಗಳು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಫಿಸಿಕ್ಸ್‌ಗಂತೂ ಹಳೇ ವಿಡಿಯೋ ಹಾಕಿ ಮಕ್ಕಳನ್ನು ಸುಮ್ನೆ ಕೂರಿಸುತ್ತಿದ್ದರು. ಮಗಳು ಬೇಸತ್ತು ಬಿಟ್ಟಳು.

ಉಳಿದ ದುಡ್ಡು ಕೇಳೋಕೆ ಹೋದರೆ ಕೌಂಟರ್‌ನಲ್ಲಿದ್ದ ಹುಡುಗ ಅರ್ಜಿಯ ಹಿಂಬದಿ ತಿರುಗಿಸಿ ಬೆರಳಿಟ್ಟು ತೋರಿಸಿದ. ಗುಲಾಬಿ ಕಾಗದದ ಮೇಲೆ ಬೂದು ಅಕ್ಷರ, ಕನ್ನಡಕ ಹಾಕಿದರೂ ಕಾಣಲ್ಲ. ‘ಒಮ್ಮೆ ಪಾವತಿಸಿದ ಶುಲ್ಕವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ.’ ಅದರ ಕೆಳಗೆ, ‘ಸಂಸ್ಥೆಯು ಅಧ್ಯಾಪಕರು, ಸಮಯ ಮತ್ತು ಸ್ಥಳವನ್ನು ಮುನ್ಸೂಚನೆ ಇಲ್ಲದೆ ಬದಲಿಸಬಹುದು.’ ಕೊನೆಗೆ, ‘ಎಲ್ಲ ವಿವಾದಗಳೂ ದೆಹಲಿ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ.’ ಕೆಳಗೆ ನಮ್ಮ ಯಜಮಾನರ ಸಹಿ.

ಸಹಿ ಹಾಕಿದ್ದೀವಿ ನಿಜ. ಹಾಗಂತ ಮುಗೀತಾ?

ಬಸ್‌ಸ್ಟಾಂಡ್ ಫಿಲಾಸಫರ್
ಮುಗೀತು. ಓದದೆ ಸಹಿ ಹಾಕಿದವರ ಗತಿ ಇಷ್ಟೇ. ಅನುಭವಿಸಿ.

ತುಂಗಾಪಾನ
@ಬಸ್‌ಸ್ಟಾಂಡ್ ಫಿಲಾಸಫರ್ ಓದಿದ್ದರೆ ಏನು ಮಾಡಬಹುದಿತ್ತು ಗುರು? ‘ಈ ಲೈನ್ ತೆಗೆಯಿರಿ’ ಅಂದರೆ ತೆಗೆಯುತ್ತಿದ್ದರಾ? ‘ಬೇಡ ಅಂದರೆ ಬೇರೆ ಕಡೆ ಹೋಗಿ’ ಅಂತಾರೆ. ಬೇರೆ ಕಡೆ ಹೋದರೆ ಅಲ್ಲೂ ಅದೇ ಫಾರಂ.

ಕಡತದಹುಳು
ಮೇಡಂ, ಮುಗಿದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಳೆಯ 1986ರ ಕಾಯ್ದೆಯಲ್ಲಿ ಇಲ್ಲದ ಒಂದು ಹೊಸ ಸಂಗತಿ ಇದರಲ್ಲಿದೆ: ಅನ್ಯಾಯದ ಕರಾರು. ಕಲಂ 2(46) ನೋಡಿ. ಗ್ರಾಹಕರ ಹಕ್ಕಿಗೆ ದೊಡ್ಡ ಏಟು ಕೊಡುವ ಷರತ್ತುಗಳಿರುವ ಕರಾರು ಅಂತ ಅರ್ಥ ಕೊಟ್ಟು, ಆರು ಬಗೆ ಹೆಸರಿಸಿದ್ದಾರೆ. ಮಿತಿಮೀರಿದ ಡಿಪಾಸಿಟ್ ಕೇಳೋದು. ಆದ ನಷ್ಟಕ್ಕೆ ತಾಳಮೇಳವೇ ಇಲ್ಲದ ದಂಡ ಹಾಕೋದು. ದಂಡ ಕಟ್ಟುತ್ತೇನೆ ಅಂದರೂ ಸಾಲವನ್ನು ಮುಂಚೆ ತೀರಿಸಲು ಬಿಡದಿರೋದು. ಸರಿಯಾದ ಕಾರಣ ಇಲ್ಲದೆ ಒಬ್ಬರೇ ಕರಾರು ಮುರಿಯುವ ಅಧಿಕಾರ ಇಟ್ಟುಕೊಳ್ಳೋದು. ಗ್ರಾಹಕರನ್ನು ಕೇಳದೆ, ಅವರಿಗೆ ತೊಂದರೆಯಾಗುವ ಹಾಗೆ ಕರಾರನ್ನು ಬೇರೆಯವರಿಗೆ ದಾಟಿಸೋದು. ಆರನೆಯದು ದೊಡ್ಡ ಬಲೆ: ಗ್ರಾಹಕರನ್ನು ಇಕ್ಕಟ್ಟಿಗೆ ಸಿಲುಕಿಸುವ ಯಾವುದೇ ಅಸಮಂಜಸ ಶುಲ್ಕ, ಹೊಣೆ ಅಥವಾ ಷರತ್ತು.

ನಿಮ್ಮದು ಎರಡನೆಯದರಲ್ಲೂ ಆರನೆಯದರಲ್ಲೂ ಬರುತ್ತೆ ಅಂತ ವಾದಿಸಬಹುದು. ಅವರು ಮೇಷ್ಟ್ರನ್ನೇ ಬದಲಿಸಬಹುದು, ನೀವು ಮಾತ್ರ ಬಿಡೋ ಹಾಗಿಲ್ಲ. ಈ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ತೋರಿಸಿ. ನನ್ನ ಪ್ರಕಾರ ನಿಮ್ಮ ಕೇಸಿನ ಜೀವಾಳ ಅಲ್ಲೇ ಇದೆ.

ಕಾಫಿಪುಡಿ
ದೆಹಲಿ ಕೋರ್ಟ್ ಅಂತ ಬರೆದಿದ್ದಾರಲ್ಲ? ಹಾಸನದಿಂದ ದೆಹಲಿಗೆ ಯಾರು ಅಲೆಯುತ್ತಾರೆ?

ಕಡತದಹುಳು
ಅಲೆಯೋದು ಬೇಡ. ಹೊಸ ಕಾಯ್ದೆಯಲ್ಲಿ ದೂರುದಾರರು ತಾವು ವಾಸ ಇರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಲಂ 34ರಲ್ಲಿ ಸ್ಪಷ್ಟವಾಗಿದೆ. ಮೊದಲು ಎದುರು ಪಾರ್ಟಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ಹೋಗಬೇಕಿತ್ತು. ಈಗ ‘ದೆಹಲಿ ಮಾತ್ರ’ ಅನ್ನೋ ಸಾಲು ಗ್ರಾಹಕರನ್ನು ಹೆದರಿಸೋಕೆ ಅಷ್ಟೇ.

ಕೆಲವರು ‘ಮಧ್ಯಸ್ಥಿಕೆಗೇ ಹೋಗಬೇಕು’ ಅಂತ ಆರ್ಬಿಟ್ರೇಷನ್ ಷರತ್ತು (ಕೋರ್ಟ್ ಬದಲು ಖಾಸಗಿ ಮಧ್ಯಸ್ಥರೇ ತೀರ್ಪು ಕೊಡೋದು) ಕೂಡ ಹಾಕಿರುತ್ತಾರೆ. ಅದಕ್ಕೂ ಹೆದರಬೇಡಿ. 2018ರ ಡಿಸೆಂಬರ್‌ನಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ, ಅಂಥ ಷರತ್ತು ಇದ್ದರೂ ಗ್ರಾಹಕರ ವೇದಿಕೆಯ ಬಾಗಿಲು ಮುಚ್ಚಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ.

ಟ್ಯೂಷನ್ ಮೇಷ್ಟ್ರು
ಎಲ್ಲರೂ ಒಂದೇ ಕಡೆ ಮಾತಾಡ್ತಿದ್ದೀರಿ. ನಾನೂ ಚಿಕ್ಕ ಟ್ಯೂಷನ್ ಸೆಂಟರ್ ನಡೆಸುತ್ತೇನೆ. ಮೂವತ್ತು ಮಕ್ಕಳ ಬ್ಯಾಚ್ ಅಂತ ಲೆಕ್ಕ ಹಾಕಿ ಬಾಡಿಗೆ ಹಿಡಿದಿರುತ್ತೇವೆ, ಮೇಷ್ಟ್ರಿಗೆ ಸಂಬಳ ಮಾತಾಡಿರುತ್ತೇವೆ. ಮಧ್ಯದಲ್ಲಿ ಎಂಟು ಜನ ಎದ್ದು ಹೋದರೆ ಆ ಸೀಟಿಗೆ ಯಾರು ಬರ್ತಾರೆ? ಪುಸ್ತಕದ ಸೆಟ್ ಕೊಟ್ಟಿರುತ್ತೇವೆ, ಅದನ್ನು ಝೆರಾಕ್ಸ್ ಮಾಡಿಸಿಕೊಂಡು ‘ವಾಪಸ್ ತಗೊಳ್ಳಿ’ ಅಂತಾರೆ. ನಮ್ಮ ನಷ್ಟ ನಷ್ಟ ಅಲ್ವಾ?

ತುಂಗಾಪಾನ
ಮೇಷ್ಟ್ರೇ, ನಿಮ್ಮ ನಷ್ಟ ಹಿಡಿದುಕೊಳ್ಳಿ, ಉಳಿದದ್ದು ಕೊಡಿ. ಎರಡು ವರ್ಷದ್ದನ್ನೂ ನುಂಗೋದು ಯಾವ ಲೆಕ್ಕ?

ಕಡತದಹುಳು
@ಟ್ಯೂಷನ್ ಮೇಷ್ಟ್ರು ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಕಾನೂನೂ ಅದನ್ನು ಅಲ್ಲಗಳೆಯಲ್ಲ. 1872ರ ಕರಾರು ಕಾಯ್ದೆಯ ಕಲಂ 74 ಹೇಳೋದೇ ಅದು. ಕರಾರಿನಲ್ಲಿ ಎಷ್ಟು ದಂಡ ಬರೆದಿದ್ದರೂ ಅದು ಮೇಲ್ಮಿತಿ ಮಾತ್ರ, ಸಿಗೋದು ಸಮಂಜಸ ಪರಿಹಾರ. ಬರೆದದ್ದೆಲ್ಲ ತನ್ನಷ್ಟಕ್ಕೆ ನಿಮ್ಮದಾಗಲ್ಲ. ಕೊಟ್ಟ ಪುಸ್ತಕದ ಬೆಲೆ ಹಿಡಿಯಿರಿ, ಪಾಠ ಮಾಡಿದ ತಿಂಗಳಿನ ಫೀಸ್ ಹಿಡಿಯಿರಿ, ತಕರಾರಿಲ್ಲ.

ಇನ್ನೊಂದು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಫೀಸ್ ಕಟ್ಟಿ ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಫೀಸನ್ನು 10 ದಿನದೊಳಗೆ ಲೆಕ್ಕ ಹಾಕಿ ಕೊಡಬೇಕು ಅಂತ ಅದರಲ್ಲಿದೆ. ಅದನ್ನು ಜಾರಿ ಮಾಡೋದು ರಾಜ್ಯಗಳ ಕೆಲಸ. ಆದರೂ ಯಾವುದು ಸಮಂಜಸ, ಯಾವುದು ಅಲ್ಲ ಅಂತ ವಾದ ಮಾಡುವಾಗ ಅದನ್ನು ಮುಂದಿಡಬಹುದು.

ಮೈಸೂರಿನ ಮಳೆ
ಒಂದು ಅನುಮಾನ. ಶಿಕ್ಷಣ ‘ಸೇವೆ’ ಅಲ್ಲ, ಗ್ರಾಹಕ ಕೋರ್ಟಿಗೆ ಬರಲ್ಲ ಅಂತ ಎಲ್ಲೋ ಓದಿದ ನೆನಪು. ನಮ್ಮ ಭಾವನ ಮಗನ ಇಂಜಿನಿಯರಿಂಗ್ ಕಾಲೇಜ್ ವಿಷಯದಲ್ಲಿ ಹಾಗೇ ಹೇಳಿ ವಾಪಸ್ ಕಳಿಸಿದರು.

ಕಡತದಹುಳು
ಕಾಲೇಜ್ ಬೇರೆ, ಕೋಚಿಂಗ್ ಬೇರೆ. 2020ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಿನಾಯಕ ಮಿಷನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ಶಿಕ್ಷಣ ಸಂಸ್ಥೆಗಳು ಈ ಕಾಯ್ದೆಗೆ ಬರಲ್ಲ ಅಂದಿತು. ಅದೇ ತೀರ್ಪಿನಲ್ಲಿ ಕೋಚಿಂಗ್ ಸೆಂಟರ್‌ಗಳನ್ನು ಆ ಸಾಲಿಗೆ ಸೇರಿಸಲಿಲ್ಲ. ಹಾಸನದ ಮೇಡಂಗೆ ತೊಂದರೆ ಇಲ್ಲ.

ಸೈಟ್ ಸೀನಪ್ಪ
ಇದೆಲ್ಲ ಚಿಲ್ಲರೆ ವ್ಯವಹಾರ ಸ್ವಾಮಿ. ಫ್ಲ್ಯಾಟ್ ಅಗ್ರಿಮೆಂಟ್ ಓದಿ ನೋಡಿ, ರಾತ್ರಿ ನಿದ್ದೆ ಬರಲ್ಲ. ನನ್ನದು ಅರವತ್ತು ಚಿಲ್ಲರೆ ಪುಟ ಇತ್ತು. ನಾನು ಕಂತು ಕಟ್ಟೋಕೆ ತಡ ಮಾಡಿದರೆ ಬಡ್ಡಿ ಮೀಟರ್ ಓಡುತ್ತೆ. ಅವರು ಮನೆ ಕೊಡೋಕೆ ತಡ ಮಾಡಿದರೆ ಚದರಡಿಗೆ ಇಷ್ಟು ರೂಪಾಯಿ ಅಂತ ಭಿಕ್ಷೆ. ಕೇಳಿದರೆ ‘ಸ್ಟ್ಯಾಂಡರ್ಡ್ ಅಗ್ರಿಮೆಂಟ್ ಸರ್, ಎಲ್ಲರಿಗೂ ಇದೇ’ ಅಂತ ನಗ್ತಾರೆ. ಎಲ್ಲರಿಗೂ ಇದೇ ಮೋಸ ಅಂದ ಹಾಗಾಯ್ತು.

ರೇರಾ ರಂಗಣ್ಣ
ಸೀನಪ್ಪನವರೇ, ನೀವು ಹೇಳಿದ್ದೇ 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪಯೋನಿಯರ್ ಅರ್ಬನ್ ಪ್ರಕರಣ, ಗುರುಗ್ರಾಮದ ಫ್ಲ್ಯಾಟ್. ಕೊಂಡವರು ತಡ ಮಾಡಿದರೆ 18 ಪರ್ಸೆಂಟ್ ಬಡ್ಡಿ, ಬಿಲ್ಡರ್ ತಡ ಮಾಡಿದರೆ 9 ಪರ್ಸೆಂಟ್. ಅದೂ ಗ್ರೇಸ್ ಅವಧಿ ಮುಗಿದು ಇನ್ನೂ ಒಂದು ವರ್ಷ ಕಾದ ಮೇಲೆ. ಕೋರ್ಟ್ ಏನು ಹೇಳಿತು ಗೊತ್ತಾ? ಬಿಲ್ಡರ್ ಬರೆದಿಟ್ಟ ಕಾಗದಕ್ಕೆ ತೋರಿಸಿದ ಜಾಗದಲ್ಲಿ ಸಹಿ ಹಾಕದೆ ಬೇರೆ ದಾರಿಯೇ ಇರಲಿಲ್ಲ ಅಂತ ಕಂಡರೆ, ಆ ಷರತ್ತು ಕೊಂಡವರನ್ನು ಕಟ್ಟಿಹಾಕಲ್ಲ. ಒಂದೇ ಕಡೆಗೆ ವಾಲಿದ ಷರತ್ತು ಹಾಕೋದೇ ಅನುಚಿತ ವ್ಯಾಪಾರ ಪದ್ಧತಿ. ಇದು ಹಳೇ ಕಾಯ್ದೆ ಇದ್ದಾಗಲೇ ಬಂದ ತೀರ್ಪು.

ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ ಬಡ್ಡಿ ಎರಡೂ ಕಡೆಗೆ ಒಂದೇ. ಅವರು ನಿಮ್ಮಿಂದ ಎಷ್ಟು ಪರ್ಸೆಂಟ್ ತಗೊಳ್ತಾರೋ ಅಷ್ಟೇ ನಿಮಗೂ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅದು ಎಸ್‌ಬಿಐನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಸಾಲದ ಮೂಲ ಬಡ್ಡಿ ದರ) ಮೇಲೆ 2 ಪರ್ಸೆಂಟ್. ನೋಂದಾಯಿತ ಅಗ್ರಿಮೆಂಟ್ ಮಾಡಿಕೊಡದೆ ಮನೆ ಬೆಲೆಯ 10 ಪರ್ಸೆಂಟ್‌ಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗೂ ಇಲ್ಲ.

ಸೈಟ್ ಸೀನಪ್ಪ
ಬುಕಿಂಗ್ ನಾವೇ ಕ್ಯಾನ್ಸಲ್ ಮಾಡಿದರೆ?

ರೇರಾ ರಂಗಣ್ಣ
ಅದಕ್ಕೂ ತೀರ್ಪಿದೆ. 2025ರ ಫೆಬ್ರವರಿಯಲ್ಲಿ ಗೋದ್ರೇಜ್ ಪ್ರಾಜೆಕ್ಟ್ಸ್ ಪ್ರಕರಣ. ಅಗ್ರಿಮೆಂಟ್‌ನಲ್ಲಿ ಮನೆ ಬೆಲೆಯ 20 ಪರ್ಸೆಂಟ್ ಮುಟ್ಟುಗೋಲು ಅಂತಿತ್ತು. ಷರತ್ತುಗಳು ಏಕಪಕ್ಷೀಯ ಅಂತ ಸುಪ್ರೀಂ ಕೋರ್ಟ್ ಒಪ್ಪಿ 10 ಪರ್ಸೆಂಟ್ ಮಾತ್ರ ಹಿಡಿದುಕೊಳ್ಳೋಕೆ ಬಿಟ್ಟಿತು. ಆದರೆ ವಾಪಸ್ ಕೊಡುವ ದುಡ್ಡಿಗೆ ಬಡ್ಡಿ ಸಿಗಲಿಲ್ಲ, ನೆನಪಿರಲಿ. ಕೊಂಡವರದ್ದು ಪೂರ್ತಿ ಗೆಲುವು ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ, ಅದು ಸುಳ್ಳು.

ಬಸ್‌ಸ್ಟಾಂಡ್ ಫಿಲಾಸಫರ್
ನೋಡಿ, ನಾನೂ ಸ್ವಲ್ಪ ಓದಿಕೊಂಡೇ ಬಂದಿದ್ದೀನಿ. 1996ರಲ್ಲಿ ಡಿಎಚ್‌ಎಲ್ ಕೊರಿಯರ್ ಕೇಸ್. ಚೀಟಿಯಲ್ಲಿ ನೂರು ಡಾಲರ್‌ಗಿಂತ ಹೆಚ್ಚು ಹೊಣೆ ಇಲ್ಲ ಅಂತ ಬರೆದಿತ್ತು. ಕಳಿಸಿದವರು ಸಹಿ ಹಾಕಿದ್ದರು. ಪಾರ್ಸೆಲ್ ತಡವಾಗಿ ಹೋಗಿ ನಷ್ಟ ಆಯ್ತು. ಸುಪ್ರೀಂ ಕೋರ್ಟ್ ಷರತ್ತನ್ನೇ ಎತ್ತಿಹಿಡಿಯಿತು. ಈಗೇನಂತೀರಿ?

ಕಡತದಹುಳು
ಒಳ್ಳೇ ಕೇಸ್ ತಂದಿದ್ದೀರಿ. ಆ ತೀರ್ಪು ಇದೆ, ಕಂಪನಿ ಪರ ವಕೀಲರು ಈಗಲೂ ಅದನ್ನೇ ಮುಂದಿಡುತ್ತಾರೆ. ಆದರೆ ಆಗ ‘ಅನ್ಯಾಯದ ಕರಾರು’ ಅನ್ನುವ ಕಲಂ ಕಾಯ್ದೆಯಲ್ಲಿ ಇರಲಿಲ್ಲ. ಈಗ ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಅಂಥ ಷರತ್ತನ್ನು ಅಸಿಂಧು ಅಂತ ಸಾರುವ ಅಧಿಕಾರವನ್ನೇ ಕೊಟ್ಟಿದ್ದಾರೆ, ಕಲಂ 49(2) ಮತ್ತು 59(2). 1996ರ ಕಣ್ಣಿನಿಂದ ಇವತ್ತಿನ ಕೇಸ್ ನೋಡೋಕಾಗಲ್ಲ.

ಒಂದು ಮಾತು ಒಪ್ಪುತ್ತೇನೆ. ಷರತ್ತು ನಮಗೆ ಇಷ್ಟವಿಲ್ಲ ಅಂದ ಮಾತ್ರಕ್ಕೆ ಅದು ಅನ್ಯಾಯ ಆಗಲ್ಲ. ಅದು ನಿಮ್ಮ ಹಕ್ಕನ್ನು ಎಷ್ಟು ಕಿತ್ತುಕೊಂಡಿತು ಅಂತ ತೋರಿಸಬೇಕು.

ಪಾರ್ಕಿಂಗ್ ಪರಮೇಶಿ
‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಅನ್ನೋ ಬೋರ್ಡ್ ಬಗ್ಗೆ ಯಾರೂ ಮಾತಾಡಿಲ್ಲ. ಅದೂ ಇದೇ ಜಾತಿದ್ದು. ದುಡ್ಡು ತಗೊಳ್ಳೋವಾಗ ಚೀಟಿ ಕೊಡ್ತಾರೆ, ಚೀಟಿ ಹಿಂದೆ ‘ನಮಗೂ ಇದಕ್ಕೂ ಸಂಬಂಧ ಇಲ್ಲ’.

ಕಾಫಿಪುಡಿ
ನಿಮ್ಮ ಹೆಸರಿಗೆ ತಕ್ಕ ಪ್ರಶ್ನೆ 😄

ಕಡತದಹುಳು
ದೆಹಲಿಯ ತಾಜ್ ಮಹಲ್ ಹೋಟೆಲ್ ಕೇಸ್ ಓದಿ ಪರಮೇಶಿ. 1998ರಲ್ಲಿ ಒಬ್ಬರು ಮಾರುತಿ ಝೆನ್‌ನಲ್ಲಿ ಬಂದು ಹೋಟೆಲ್‌ನವರ ಕೈಗೆ ಕೀ ಕೊಟ್ಟು ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಕಾರು ಕಳುವಾಗಿತ್ತು. ಚೀಟಿಯಲ್ಲಿ ‘ಮಾಲೀಕರ ಹೊಣೆ’ ಅಂತಲೇ ಬರೆದಿತ್ತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕೀ ಕೈಗೆ ತಗೊಂಡ ಮೇಲೆ ನೋಡಿಕೊಳ್ಳೋ ಹೊಣೆ ಹೋಟೆಲಿನದು, ತಮ್ಮ ಅಸಡ್ಡೆಯನ್ನು ಚೀಟಿಯ ಒಂದು ಸಾಲಿನಿಂದ ಮುಚ್ಚಿಕೊಳ್ಳೋಕೆ ಆಗಲ್ಲ. ಕೀ ನಿಮ್ಮ ಜೇಬಿನಲ್ಲೇ ಇದ್ದು ನೀವೇ ನಿಲ್ಲಿಸಿದ್ದರೆ ಮಾತು ಬೇರೆ.

ಬ್ಯಾಂಕ್ ಭಾವ
ಸಾಲದ ಬಗ್ಗೆ ಒಂದು ಮಾತು. ಫ್ಲೋಟಿಂಗ್ ಬಡ್ಡಿಯ (ಆಗಾಗ ಬದಲಾಗುವ ಬಡ್ಡಿಯ) ಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕೋ ಹಾಗಿಲ್ಲ. ಮನೆ ಸಾಲಕ್ಕೆ 2012ರಲ್ಲೇ, ವ್ಯಕ್ತಿಗಳ ಉಳಿದ ಫ್ಲೋಟಿಂಗ್ ಅವಧಿ ಸಾಲಕ್ಕೆ 2014ರಲ್ಲಿ ಆರ್‌ಬಿಐ ತಡೆ ಹಾಕಿತು. ಎಷ್ಟೋ ಜನ ಗೊತ್ತಿಲ್ಲದೆ ಕಟ್ಟಿ ಬರುತ್ತಾರೆ. ಫಿಕ್ಸೆಡ್ ಬಡ್ಡಿಯ ಸಾಲಕ್ಕೆ ಕರಾರಿನ ಪ್ರಕಾರ ಹಾಕಬಹುದು. ಅದಕ್ಕೇ ಮೊದಲು ನಿಮ್ಮದು ಯಾವ ಸಾಲ ಅಂತ ಮಂಜೂರಾತಿ ಪತ್ರ ತೆಗೆದು ನೋಡಿ.

ಹಾಸನದವಳು
ಬ್ಯಾಂಕ್ ಭಾವ ಅವರೇ, ನೀವು ಸಾಲ ಅಂದಿದ್ದಕ್ಕೆ ಮನೆಯಲ್ಲಿ ಕೇಳಿದೆ. ಹೊಸ ವಿಷಯ ಹೊರಬಂತು. ಅರ್ಧ ದುಡ್ಡು ಕೈಯಿಂದ ಕಟ್ಟಿದ್ದು. ಉಳಿದ ಅರ್ಧ ‘ಬಡ್ಡಿ ಇಲ್ಲದ ಕಂತು’ ಅಂತ ಅವರೇ ಟ್ಯಾಬ್‌ನಲ್ಲಿ ಓಟಿಪಿ ಹಾಕಿಸಿಕೊಂಡಿದ್ದಾರೆ. ಯಜಮಾನರು ಕೋಚಿಂಗ್‌ನವರಿಗೇ ಕಂತು ಅಂದುಕೊಂಡಿದ್ದರು. ಪಾಸ್‌ಬುಕ್ ನೋಡಿದರೆ ಯಾವುದೋ ಫೈನಾನ್ಸ್ ಕಂಪನಿಗೆ ಹೋಗ್ತಿದೆ. ಈ ತಿಂಗಳಿಂದ ನಿಲ್ಲಿಸಿಬಿಡಲಾ?

ಬ್ಯಾಂಕ್ ಭಾವ
ಅಯ್ಯೋ, ಹಾಗೆ ನಿಲ್ಲಿಸಬೇಡಿ ತಂಗಿ. ಅದು ನಿಮ್ಮ ಯಜಮಾನರ ಹೆಸರಿನ ಸಾಲ. ಫೈನಾನ್ಸ್ ಕಂಪನಿ ಪೂರ್ತಿ ದುಡ್ಡನ್ನು ಕೋಚಿಂಗ್‌ನವರಿಗೆ ಆಗಲೇ ಕೊಟ್ಟಿರುತ್ತೆ. ಕಂತು ತಪ್ಪಿದರೆ ಸಿಬಿಲ್ ಹಾಳಾಗುತ್ತೆ, ನಾಳೆ ಮಗಳಿಗೆ ಶಿಕ್ಷಣ ಸಾಲ ಕೇಳೋಕೆ ಹೋದಾಗ ಅದೇ ಅಡ್ಡ ಬರುತ್ತೆ. ಫೈನಾನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಸಾಲದ ಕರಾರಿನ ಪ್ರತಿ ಕೇಳಿ. ದೂರಿನಲ್ಲಿ ಅವರನ್ನೂ ಎದುರುದಾರರನ್ನಾಗಿ ಸೇರಿಸಿ, ಕಂತಿಗೆ ಮಧ್ಯಂತರ ತಡೆ ಕೇಳಿ. ಆದೇಶ ಸಿಗೋವರೆಗೆ ಕಂತು ಕಟ್ಟುತ್ತಿರಿ. ಕಷ್ಟ ಅಂತ ಗೊತ್ತು.

ತುಂಗಾಪಾನ
ಟ್ಯಾಬ್‌ನಲ್ಲಿ ಓಟಿಪಿ! ಸಹಿ ಹಾಕಿದ್ದೂ ಗೊತ್ತಾಗಲ್ಲ ಈಗ.

ಮೈಸೂರಿನ ಮಳೆ
ನಮ್ಮ ಬಾಡಿಗೆ ಮನೆ ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಿದ್ದಾರೆ. ‘ಮಿತಿಮೀರಿದ ಡಿಪಾಸಿಟ್’ ಅಂತ ಮೇಲೆ ಬರೆದಿದ್ದೀರಲ್ಲ, ಗ್ರಾಹಕ ಕೋರ್ಟಿಗೆ ಎಳೆಯಬಹುದಾ? ಎರಡು ತಿಂಗಳಷ್ಟೇ ತಗೋಬೇಕು ಅಂತ ಕೇಂದ್ರದ ಕಾನೂನೇ ಇದೆ ಅಂತ ಪೇಪರ್‌ನಲ್ಲಿ ಬಂದಿತ್ತು.

ರೇರಾ ರಂಗಣ್ಣ
ಎಳೆಯೋಕೆ ಆಗಲ್ಲ. ಸುಮ್ನೆ ಮನೆ ಬಾಡಿಗೆಗೆ ಕೊಟ್ಟವರು ಈ ಕಾಯ್ದೆಯ ಅರ್ಥದಲ್ಲಿ ಸೇವೆ ಕೊಡುವವರಲ್ಲ. ನೀವು ಹೇಳಿದ ಎರಡು ತಿಂಗಳು 2021ರ ಮಾದರಿ ಬಾಡಿಗೆ ಕಾಯ್ದೆಯದು. ಅದು ಮಾದರಿ ಅಷ್ಟೇ. ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಬಲ ಬರೋದು.

ನಿರ್ವಾಹಕ
ಬಾಡಿಗೆ ವಿಷಯಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ಫೀಸ್, ಕರಾರು ಅಷ್ಟೇ ಇರಲಿ.

ಹಳೇ ಪಿಂಚಣಿದಾರ
ಒಂದು ಇತಿಹಾಸ ಹೇಳಿ ಹೋಗುತ್ತೇನೆ. ಇಂಥ ಷರತ್ತುಗಳನ್ನು ತಡೆಯಿರಿ ಅಂತ ಕಾನೂನು ಆಯೋಗ 1984ರಲ್ಲೇ, ತನ್ನ 103ನೇ ವರದಿಯಲ್ಲಿ ಹೇಳಿತ್ತು. 2006ರಲ್ಲಿ 199ನೇ ವರದಿಯಲ್ಲಿ ಮತ್ತೆ ಹೇಳಿತು. ಬ್ರಿಟನ್ನಿನಲ್ಲಿ 1977ರಲ್ಲೇ ಇದಕ್ಕೆ ಪ್ರತ್ಯೇಕ ಕಾಯ್ದೆ ಬಂದಿತ್ತು, ಯುರೋಪ್ 1993ರಲ್ಲಿ ನಿರ್ದೇಶನ ತಂದಿತು. ನಮ್ಮಲ್ಲಿ ಗ್ರಾಹಕ ಕಾಯ್ದೆಯೊಳಗೆ ಬರೋಕೆ 2019 ಆಯ್ತು. ನಾನು ಕೆಲಸಕ್ಕೆ ಸೇರಿ, ನಿವೃತ್ತನಾಗಿ, ಮೊಮ್ಮಗಳ ಕೋಚಿಂಗ್ ಫೀಸ್ ಕಟ್ಟೋ ಹೊತ್ತಿಗೆ ಕಾನೂನು ಬಂತು ನೋಡಿ.

ಹಾಸನದವಳು
ಎಲ್ಲರಿಗೂ ಧನ್ಯವಾದ. ಈಗ ಎಲ್ಲಿ ಹಾಕಬೇಕು ಅನ್ನೋದೇ ಗೊಂದಲ. ರಾಜ್ಯ ಆಯೋಗ ಅಂದಿರಿ. ಅಂದರೆ ಬೆಂಗಳೂರಿಗೆ ಓಡಾಡಬೇಕಾ?

ಕಡತದಹುಳು
ಇದೇ ಕಾಯ್ದೆಯ ತಮಾಷೆ. ಷರತ್ತು ‘ಅನ್ಯಾಯದ ಕರಾರು’, ಅದನ್ನು ಅಸಿಂಧು ಮಾಡಿ ಅಂತ ನೇರವಾಗಿ ಕೇಳಬೇಕಾದರೆ ರಾಜ್ಯ ಆಯೋಗಕ್ಕೇ ಹೋಗಬೇಕು, ಮೊತ್ತ ಎಷ್ಟೇ ಚಿಕ್ಕದಿರಲಿ. ಜಿಲ್ಲಾ ಆಯೋಗಕ್ಕೆ ಆ ಅಧಿಕಾರ ಬರೆದುಕೊಟ್ಟಿಲ್ಲ. ಲಕ್ಷ ರೂಪಾಯಿಗೆ ಹೋರಾಡುವವರನ್ನು ರಾಜಧಾನಿಗೆ ಕರೆಸೋದು ಯಾರ ತಲೆಗೆ ಹೊಳೆಯಿತೋ!

ಆದರೆ ನಿಮಗೆ ಬೇಕಿರೋದು ಷರತ್ತಿನ ಮೇಲೆ ತೀರ್ಪಾ, ದುಡ್ಡಾ? ದುಡ್ಡಾದರೆ ಜಿಲ್ಲಾ ಆಯೋಗಕ್ಕೇ ಹಾಕಿ. ‘ಸೇವೆಯಲ್ಲಿ ಕೊರತೆ, ಅನುಚಿತ ವ್ಯಾಪಾರ ಪದ್ಧತಿ’ ಅಂತ ದೂರು ಕಟ್ಟಿ. ಮೇಷ್ಟ್ರು ಇರಲಿಲ್ಲ, ವಿಡಿಯೋ ಹಾಕಿದರು, ಉಳಿದ ಅವಧಿಯ ಫೀಸ್ ಬಡ್ಡಿ ಸಮೇತ ಕೊಡಿಸಿ ಅಂತ ಕೇಳಿ. ಹಳೇ ಕಾಯ್ದೆಯ ಕಾಲದಲ್ಲಿ ಫ್ಲ್ಯಾಟ್‌ನವರು ಗೆದ್ದದ್ದೂ ಇದೇ ದಾರಿಯಲ್ಲಿ.

ಜಿಲ್ಲಾ ಆಯೋಗದಲ್ಲಿ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ, ಕೆಲವು ಸಲ ಅಲ್ಲೇ ಬಗೆಹರಿಯುತ್ತೆ. ಸಮಸ್ಯೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಹಾಕಬೇಕು, ಅದನ್ನು ಮರೆಯಬೇಡಿ. ವಾಪಸ್ ಕೇಳಿದ್ದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಗುಲಾಬಿ ಫಾರಂ ಎರಡೂ ಬದಿ ಬೆಳಕಲ್ಲಿ ಫೋಟೊ ತೆಗೆಯಿರಿ. ಬ್ಯಾಚ್‌ನ ವಾಟ್ಸಾಪ್ ಗುಂಪಿನಲ್ಲಿ ‘ಇವತ್ತು ಸರ್ ಬರಲ್ಲ’ ಅಂತ ಬಂದ ಸಂದೇಶಗಳಿದ್ದರೆ ಅವೇ ಚಿನ್ನ.

ಕಾಫಿಪುಡಿ
ಎಷ್ಟು ದಿನದಲ್ಲಿ ಮುಗಿಯುತ್ತೆ?

ಕಡತದಹುಳು
ಕಾಯ್ದೆ ಪ್ರಕಾರ ನೋಟಿಸ್ ಮುಟ್ಟಿದ ಮೇಲೆ ಮೂರು ತಿಂಗಳು. ನಡೆಯೋದು ಹಾಗಲ್ಲ, ಮುಂದೂಡುತ್ತಾ ಹೋಗುತ್ತೆ. ಆದರೆ ಆದೇಶ ಬಂದ ಮೇಲೆ ಪಾಲಿಸದಿದ್ದರೆ ಮೂರು ವರ್ಷದವರೆಗೆ ಜೈಲು ಇದೆ, ಕಲಂ 72. ಆ ನೋಟಿಸ್ ಹೋದಾಗ ಚೆಕ್ ಬೇಗ ಬರುತ್ತೆ.

ಬಸ್‌ಸ್ಟಾಂಡ್ ಫಿಲಾಸಫರ್
ವಕೀಲರು ಫೀಸ್ ತಗೊಂಡು ಕೇಸ್ ಕೆಡಿಸಿದರೆ ಅವರ ಮೇಲೂ ಗ್ರಾಹಕ ಕೋರ್ಟಿಗೆ ಹೋಗಬಹುದಾ? ‘ಯಾವುದೇ ಕಾರಣಕ್ಕೂ ಫೀಸ್ ವಾಪಸ್ ಇಲ್ಲ’ ಅವರದೂ ಅದೇ ತಾನೇ!

ಕಡತದಹುಳು
ಇಲ್ಲ ಸ್ವಾಮಿ. 2024ರ ಮೇ 14ರಂದು ಸುಪ್ರೀಂ ಕೋರ್ಟ್ ವಕೀಲರನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. ನಿಮ್ಮ ಮುಖ ನೋಡಬೇಕಿತ್ತು ಈಗ.

ಬಸ್‌ಸ್ಟಾಂಡ್ ಫಿಲಾಸಫರ್
ಹೋಗಲಿ ಬಿಡಿ, ಬೇಲಿ ಕಟ್ಟೋರು ತಮ್ಮ ಗದ್ದೆಗೆ ದಾರಿ ಬಿಟ್ಟುಕೊಂಡೇ ಕಟ್ಟೋದು.

ಹಾಸನದವಳು
ಅದೇ ಬ್ಯಾಚ್‌ನ ಇನ್ನೂ ಹಲವು ಪೋಷಕರು ಬರ್ತೀವಿ ಅಂತಿದ್ದಾರೆ. ಒಟ್ಟಿಗೆ ಒಂದೇ ದೂರು ಹಾಕಬಹುದಾ?

ಕಡತದಹುಳು
ಹಾಕಬಹುದು. ಒಂದೇ ಹಿತಾಸಕ್ತಿ ಇರುವ ಹಲವರ ಪರವಾಗಿ ಒಬ್ಬರೋ ಇಬ್ಬರೋ ದೂರು ಹಾಕೋಕೆ ಕಲಂ 35(1)(ಸಿ)ಯಲ್ಲಿ ಅವಕಾಶ ಇದೆ. ಆಯೋಗದ ಅನುಮತಿ ಬೇಕು. ಆದರೆ ಒಬ್ಬೊಬ್ಬರು ಬಿಟ್ಟ ದಿನ ಬೇರೆ, ಸಾಲ ಬೇರೆ ಇದ್ದರೆ ಬೇರೆ ಬೇರೆ ಹಾಕಿ ಒಟ್ಟಿಗೆ ವಿಚಾರಣೆ ಕೇಳೋದು ಸುಲಭ.

ಟ್ಯೂಷನ್ ಮೇಷ್ಟ್ರು
ಈ ಎಳೆ ಓದಿದ ಮೇಲೆ ನಮ್ಮ ಫಾರಂನಲ್ಲಿ ಆ ಸಾಲು ಬದಲಿಸೋಣ ಅಂದುಕೊಂಡಿದ್ದೀನಿ. ಪುಸ್ತಕದ ಬೆಲೆ ಮತ್ತು ಒಂದು ತಿಂಗಳ ಫೀಸ್ ಹಿಡಿದು ಉಳಿದದ್ದು ವಾಪಸ್ ಅಂತ. ನಿಲ್ಲುತ್ತಾ?

ಕಡತದಹುಳು
ನಿಲ್ಲುವ ಸಾಧ್ಯತೆ ಜಾಸ್ತಿ. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಮುಂದಿನ ಪುಟದಲ್ಲೇ ಹಾಕಿ.

ಬೇಕರಿ ಬಸಣ್ಣ
ತಡವಾಗಿ ಬಂದೆ. ಬೇಕರಿಗೆ ಹೊಸ ಓವನ್ ತಗೊಂಡೆ, ಕೆಟ್ಟಿದೆ. ವಾರಂಟಿ ಕಾಗದದಲ್ಲಿ ‘ಯಾವ ಭಾಗ ಕೆಟ್ಟಿದೆ ಅನ್ನೋದನ್ನು ಕಂಪನಿಯೇ ನಿರ್ಧರಿಸುತ್ತೆ, ಪ್ರಶ್ನಿಸುವ ಹಾಗಿಲ್ಲ’ ಅಂತಿದೆ. ವ್ಯಾಪಾರದವರು ಗ್ರಾಹಕರಲ್ಲ ಅಂತ ಡೀಲರ್ ಅಂತಾನೆ.

ಕಡತದಹುಳು
ಬಸಣ್ಣ, ನೀವೇ ಕೂತು ದುಡಿಯೋ ಬೇಕರಿನಾ, ಇಲ್ಲ ನಾಲ್ಕು ಕಡೆ ಬ್ರಾಂಚ್ ಇದೆಯಾ? ಹೊಟ್ಟೆಪಾಡಿನ ಸ್ವಂತ ಉದ್ಯೋಗಕ್ಕಾಗಿಯೇ ಕೊಂಡು ಬಳಸುವ ಸಾಮಾನಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅಂಥವರು ಗ್ರಾಹಕರೇ.

ಬೇಕರಿ ಬಸಣ್ಣ
ಒಂದೇ ಅಂಗಡಿ. ನಾನು, ನನ್ನ ಹೆಂಡತಿ.

ಕಡತದಹುಳು
ಹಾಗಾದರೆ ಬಿಲ್ಲು, ವಾರಂಟಿ ಕಾಗದ ಎರಡರದ್ದೂ ಫೋಟೊ ಹಾಕಿ. ಫೋನ್ ನಂಬರ್ ಮುಚ್ಚಿ ಹಾಕಿ.